ರವಿಕೆಯ ಕಂಕುಳು ಮತ್ತು ಬಸ್ಸಿನ ಕಂಬಿ

ಗೌರಿ ಹಬ್ಬ ಹತ್ತಿರವಾದಂತೆ ಶಿವಮೊಗ್ಗದ ಗಾಂಧಿಬಜಾರಿನ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕನ್ನಡಿಯ ಮುಂದೆ ನಿಂತು, ಹೊಟ್ಟೆಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ‘ಸರಿಯಾಗಿದೆ, ಪ್ಯಾಕ್ ಮಾಡಿ’ ಎನ್ನುವವರನ್ನು ಪ್ರತಿಸಲವೂ ನೋಡುತ್ತೇನೆ. ದಿನನಿತ್ಯ ತೊಡುವ ಬಟ್ಟೆ ಮೈಗೆ ಹೊಂದುತ್ತದೆಯೋ ಇಲ್ಲವೋ ಎಂಬುದು ನಿಂತಲ್ಲೇ ನಿಂತರೆ ತಿಳಿಯುವುದಿಲ್ಲ. ಅದನ್ನು ತೊಟ್ಟು ನಾವು ಮಾಡಬೇಕಾದ ಕೆಲಸವನ್ನು ಅಂಗಡಿಯಲ್ಲೇ ಒಮ್ಮೆ ಮಾಡಿ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವವಳು. ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಬಸ್ಸಿನಲ್ಲಿ ಬಹುತೇಕ ದಿನ ಕಂಬಿ ಹಿಡಿದು ನಿಂತೇ ಹೋಗಬೇಕು, ಆಮೇಲೆ ದಿನವಿಡೀ ಬೋರ್ಡಿನ ಮೇಲೆ ಬರೆಯಬೇಕು. ಕೆಲವು ವರ್ಷಗಳ ಹಿಂದೆ ಹೊಲಿಸಿದ ರವಿಕೆಗಳೆಲ್ಲ ಕಂಕುಳಲ್ಲಿ ಕಚ್ಚುತ್ತಿದ್ದವು. ಮುಂದಿನವುಗಳಲ್ಲಿ ಕಂಕುಳನ್ನು ಇನ್ನಷ್ಟು ಕೆಳಗಿಳಿಸಿ ಎಂದು ದರ್ಜಿಯವರಲ್ಲಿ ಕೇಳಿಕೊಂಡೆ, ಅವರೂ ಇಳಿಸಿಕೊಟ್ಟರು. ಕಚ್ಚುವುದು ನಿಲ್ಲಲಿಲ್ಲ, ಬದಲಿಗೆ ಕೈಯೆತ್ತಿ ಕಂಬಿ ಹಿಡಿದರೆ ಇಡೀ ರವಿಕೆಯೇ ಮೇಲೆ ಸರಿದು, ಹುಕ್ಕುಗಳು ಎಳೆದು, ಸೆರಗಿಗೆ ಹಾಕಿದ ಪಿನ್ನಿನ ಬಳಿ ಸೀರೆ ಹರಿಯುವಂತಾಯಿತು. ತಪ್ಪು ನಾನು ಕೇಳಿದ್ದರಲ್ಲಿಯೇ ಇತ್ತು ಎಂಬುದು ನಾನೇ ಹೊಲಿಗೆ ಕಲಿತ ಮೇಲೆ ಅರ್ಥವಾಯಿತು. ಕೈ ತಿರುಗುವುದು ಅದರ ಬುಡದಲ್ಲಿ. ಕಂಕುಳಿನ ಹೊಲಿಗೆ ಆ ಬುಡಕ್ಕೆ ಹತ್ತಿರವಿದ್ದರೆ ತೋಳಿನ ಬಟ್ಟೆ ಮಾತ್ರ ಮೇಲೇಳುತ್ತದೆ, ಮೈಭಾಗ ಇದ್ದಲ್ಲೇ ಇರುತ್ತದೆ; ಹೊಲಿಗೆ ಕೆಳಗಿಳಿದಷ್ಟೂ ತೋಳು ಪಕ್ಕದ ಹೊಲಿಗೆಯನ್ನು ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಕಂಕುಳಿನ ಕೆಳಗೆ ಒಂದು ಬೆರಳು ಹಿಡಿಯುವಷ್ಟು ಸಡಿಲವಿದ್ದರೆ ಸಾಕು. ಕಚ್ಚುತ್ತಿದ್ದರೆ ಸಾಮಾನ್ಯವಾಗಿ ಅಗಲವಾಗಬೇಕಾದದ್ದು ತೋಳಿನ ಸುತ್ತಳತೆ, ಇಲ್ಲವೇ ಬೆನ್ನಿನ ಅಗಲ.

ಇದಕ್ಕಿಂತ ದೊಡ್ಡ ತೊಂದರೆ ಅಳತೆ ರವಿಕೆಯದು. ನಮ್ಮಲ್ಲಿ ಹೆಚ್ಚಿನ ಹೆಂಗಸರು ಮೈ ಅಳತೆ ಕೊಡುವುದಿಲ್ಲ. ಬಾಗಿನದಲ್ಲಿ ಬಂದ ರವಿಕೆ ಕಣದ ಜೊತೆಗೆ ಹಳೆಯ ರವಿಕೆಯೊಂದನ್ನು ಸುತ್ತಿ ಕೊಟ್ಟು ಬರುತ್ತಾರೆ. ಆ ರವಿಕೆ ಹತ್ತಾರು ಸಲ ಒಗೆದು ಕುಗ್ಗಿರುತ್ತದೆ, ಎಳೆದಲ್ಲಿ ಹಿಗ್ಗಿರುತ್ತದೆ, ಪಕ್ಕದಲ್ಲಿ ಎರಡು ಸಲ ಬಿಚ್ಚಿ ಹೊಲಿದಿರುತ್ತಾರೆ. ಅದರಲ್ಲಿರುವ ದೋಷವೆಲ್ಲ ಹೊಸದಕ್ಕೂ ಇಳಿಯುತ್ತದೆ, ಆ ಹೊಸದೇ ಮುಂದೆ ಅಳತೆಗೆ ಹೋಗುತ್ತದೆ. ನನ್ನ ತಾಯಿ ಹೊಸನಗರದಲ್ಲಿ ಒಂದೇ ಅಳತೆ ರವಿಕೆಯನ್ನು ಎಷ್ಟೋ ವರ್ಷ ಬಳಸಿದರು. ಅಷ್ಟರಲ್ಲಿ ಅವರ ಭುಜ ಬಾಗಿತ್ತು, ತೋಳು ಬಡವಾಗಿತ್ತು, ರವಿಕೆಯ ಅಳತೆ ಮಾತ್ರ ಬದಲಾಗಿರಲಿಲ್ಲ. ರವಿಕೆಯ ಹಿಂಗತ್ತು ಬೆನ್ನಿನಿಂದ ಎದ್ದು ನಿಂತು ಒಂದು ಭುಜ ಜಾರುತ್ತಲೇ ಇದ್ದುದನ್ನು ಅವರು ವಯಸ್ಸಿನ ದೋಷವೆಂದೇ ತಿಳಿದಿದ್ದರು. ಅದು ನನಗೆ ಇಂದಿಗೂ ನೋವು ಕೊಡುವ ಸಂಗತಿ.

ಸಿದ್ಧ ಉಡುಪು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಭುಜ. ಕೈಯನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿದರೆ ಭುಜದ ತುದಿಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಅಂಗಿಯಾಗಲಿ ಕುರ್ತಾ ಆಗಲಿ, ತೋಳು ಕೂಡಿಸಿದ ಹೊಲಿಗೆ ಅಲ್ಲಿಗೆ ಬರಬೇಕು. ಪಕ್ಕವನ್ನು ಬಿಗಿ ಮಾಡಿಸಬಹುದು, ಉದ್ದವನ್ನು ಮಡಿಸಿ ಹೊಲಿಸಬಹುದು. ಭುಜವನ್ನು ಸರಿಪಡಿಸಲು ತೋಳು, ಕೆಲವೊಮ್ಮೆ ಕಾಲರ್ ಕೂಡ ಬಿಚ್ಚಬೇಕಾಗುವುದರಿಂದ ಭುಜ ತಪ್ಪಿದ ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಮೇಲು. ಆಮೇಲೆ ಸುಕ್ಕುಗಳನ್ನು ಗಮನಿಸಬೇಕು. ಎದೆಯ ಗುಂಡಿಯಿಂದ ಎರಡೂ ಕಡೆಗೆ ಅಡ್ಡಗೆರೆಗಳು ಹೊರಟರೆ ಅಲ್ಲಿ ಬಟ್ಟೆ ಸಾಲದಾಗಿದೆ ಎಂದರ್ಥ. ಉದ್ದಕ್ಕೆ ನಿರಿಗೆಯಂತೆ ಇಳಿಬಿದ್ದರೆ ಹೆಚ್ಚಾಗಿದೆ. ಕತ್ತಿನ ಬುಡದಿಂದ ಕಂಕುಳಿನ ಕಡೆಗೆ ಓರೆಯಾಗಿ ಇಳಿದರೆ ತೊಟ್ಟವರ ಭುಜ ಇಳಿಜಾರಾಗಿದೆ, ಅಂಗಿಯನ್ನು ಕತ್ತರಿಸಿದ್ದು ಅಷ್ಟು ಇಳಿಜಾರಿಲ್ಲದ ಭುಜಕ್ಕೆ. ಪ್ಯಾಂಟಿನ ಪಕ್ಕದ ಜೇಬುಗಳು ಬಾಯಿ ತೆರೆದು ನಿಂತರೆ ಸೊಂಟದ ಕೆಳಗೆ ಬಿಗಿಯಾಗಿದೆ. ಕುಕ್ಕರುಗಾಲಿನಲ್ಲಿ ಕುಳಿತರೆ ಉಳಿದದ್ದೂ ಗೊತ್ತಾಗುತ್ತದೆ. ತೋಟದ ದರೆ (ಕಡಿದಾದ ಮಣ್ಣಿನ ದಿಬ್ಬ) ಹತ್ತುವವರು, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟುವವರು ಈ ಒಂದು ಪರೀಕ್ಷೆಯನ್ನಂತೂ ಬಿಡಬಾರದು.

ಚೀಟಿಯ ಮೇಲಿನ ಎಲ್, ಎಕ್ಸ್‌ಎಲ್ ಅಕ್ಷರಗಳನ್ನು ನಂಬಿ ನಮ್ಮ ಮೈಯನ್ನೇ ಹಳಿದುಕೊಳ್ಳುವುದು ಸರಿಯಲ್ಲ. ಪ್ರತಿಯೊಂದು ಕಂಪನಿಯೂ ತನ್ನದೇ ಅಳತೆಪಟ್ಟಿಯನ್ನು ಇಟ್ಟುಕೊಂಡಿದೆ. ಭಾರತೀಯರ ಮೈಕಟ್ಟಿಗೆ ತಕ್ಕ ಅಳತೆಗಳನ್ನು ರೂಪಿಸಲು ಬೆಂಗಳೂರೂ ಸೇರಿದಂತೆ 6 ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರ ಮೈ ಅಳತೆ ತೆಗೆಯುವ ಯೋಜನೆಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಕೈಗೆತ್ತಿಕೊಂಡದ್ದೇ ಈ ಕೊರತೆಯನ್ನು ನೀಗಲು.

ಇನ್ನು ನಮ್ಮ ಮಲೆನಾಡಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಸದಾ ಅರೆಹಸಿಯಾಗಿಯೇ ಇರುತ್ತದೆ. ಹಸಿ ಹತ್ತಿ ಮೈಗೆ ಅಂಟಿಕೊಳ್ಳುವುದರಿಂದ ಬೇಸಿಗೆಯಲ್ಲಿ ಸರಿಯಾಗಿದ್ದ ಚೂಡಿದಾರವೂ ಮಳೆಗಾಲದಲ್ಲಿ ಮೊಣಕಾಲಿನ ಬಳಿ ಹಿಡಿದುಕೊಳ್ಳುತ್ತದೆ. ಮೇಲೆ ಸ್ವೆಟರ್ ಬಂದರೆ ತೋಳಿನಲ್ಲಿ ಇನ್ನಷ್ಟು ಬಿಗಿ. ಇದರ ಮೇಲೆ ಕುಗ್ಗುವಿಕೆಯೂ ಇದೆ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಒಗೆದಾಗ 100 ಸೆಂಟಿಮೀಟರಿಗೆ 3ರಿಂದ 5 ಸೆಂಟಿಮೀಟರಿನಷ್ಟು ಕುಗ್ಗುವುದು ಸಾಮಾನ್ಯ. ಬಟ್ಟೆಯನ್ನು ಗಿರಣಿಯಲ್ಲೇ ಕುಗ್ಗಿಸಿಬಿಡುವ ಸ್ಯಾನ್‌ಫರೈಸಿಂಗ್ ವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರಲ್ಲಿ ಪೇಟೆಂಟ್ ಪಡೆದರು, ಆದರೆ ಕೈಮಗ್ಗದ ಬಟ್ಟೆಗೆ ಸಾಮಾನ್ಯವಾಗಿ ಆ ಸಂಸ್ಕಾರ ಆಗಿರುವುದಿಲ್ಲ. ಸಾಗರದ ಕಡೆ ಹೋದಾಗಲೆಲ್ಲ ಹೆಗ್ಗೋಡಿನ ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆಯನ್ನು ಅಕ್ಕರೆಯಿಂದ ಕೊಳ್ಳುವ ನಾನು, ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸದೆ ಕತ್ತರಿ ಹಾಕಲು ಬಿಡುವುದಿಲ್ಲ. ಹೊಲಿಗೆಯ ಒಳಗೆ ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಬಟ್ಟೆ ಬಿಡಿ ಎಂದು ಹೇಳುವುದನ್ನೂ ಮರೆಯುವುದಿಲ್ಲ.

ಈ ಸಾಲುಗಳನ್ನು ಬರೆಯುವಾಗ ನಮ್ಮ ಬಚ್ಚಲೊಲೆಯ ಮೇಲಿನ ಗಳದಲ್ಲಿ ಹಬ್ಬದ ಮೂರು ರವಿಕೆ ಕಣಗಳು ಒಣಗುತ್ತಿವೆ. ನಾಳೆ ಸಂಜೆ ಅವುಗಳನ್ನು ದರ್ಜಿಯ ಬಳಿಗೆ ಒಯ್ಯುತ್ತೇನೆ. ಅಳತೆ ರವಿಕೆಯನ್ನು ಮನೆಯಲ್ಲೇ ಬಿಟ್ಟು, ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ.