ಮಂಜಲ್ಲ ಸ್ವಾಮಿ, ಹೊಗೆ

ನಿನ್ನೆ ಸಂಜೆ ತಾರಸಿಯ ಮೇಲೆ ಒಣಹಾಕಿದ್ದ ಬಿಳಿ ಪಂಚೆ ಇಂದು ಬೆಳಿಗ್ಗೆ ಬೂದಿಬಣ್ಣಕ್ಕೆ ತಿರುಗಿರುವುದನ್ನು ಕಂಡ ಮೇಲೆ, ಇನ್ನು ಸುಮ್ಮನಿರುವುದು ನನ್ನಿಂದಾಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ನಮ್ಮ ಬೆಂಗಳೂರು, ಹವೆಯೇ ನಮ್ಮ ಆಸ್ತಿ ಎಂದು ಬೀಗುವವರೇ, ಆ ಆಸ್ತಿಯನ್ನು ಡಿಸೆಂಬರ್ ತಿಂಗಳ ಮುಂಜಾನೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತು ಒಮ್ಮೆ ಉಸಿರಾಡಿ ನೋಡಿದ್ದೀರಾ? ಚಳಿಗಾಲದ ರಾತ್ರಿ ನೆಲ ಬೇಗನೆ ತಣ್ಣಗಾಗಿ, ತಂಪು ಗಾಳಿ ಕೆಳಗುಳಿದು, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಆ ಮುಚ್ಚಳದಡಿಯಲ್ಲಿ ಲಾರಿಯ ಹೊಗೆ, ಅಗೆದು ಬಿಟ್ಟ ರಸ್ತೆಯ ಧೂಳು, ಮೂಲೆಮನೆಯವರು ಗುಡಿಸಿ ಬೆಂಕಿಯಿಟ್ಟ ಒಣ ಎಲೆ, ಎಲ್ಲವೂ ಬಿಸಿಬೇಳೆ ಭಾತಿನಂತೆ ಹದವಾಗಿ ಬೆರೆಯುತ್ತವೆ. ಅದನ್ನೇ ನಾವು ‘ಆಹಾ, ಎಂಥ ಮಂಜು!’ ಎಂದು ಫೋಟೊ ತೆಗೆದು ನೆಂಟರಿಗೆಲ್ಲ ಕಳುಹಿಸುತ್ತೇವೆ. ಕಡಲಗಾಳಿಯ ಭಾಗ್ಯವಂತೂ ನಮಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಆಕಾಶವನ್ನು ಪುಕ್ಕಟೆಯಾಗಿ ತೊಳೆದುಕೊಡುತ್ತದೆ (ರಸ್ತೆಯನ್ನು ಕೆರೆ ಮಾಡುವುದು ಬೇರೆ ಮಾತು). ಉಳಿದ ತಿಂಗಳುಗಳಲ್ಲಿ ತೊಳೆಯುವವರು ಯಾರು? ಕೆಮ್ಮುತ್ತ ಹೋದರೆ ವೈದ್ಯರು ‘ಬೆಂಗಳೂರಿನ ಹವೆ ನಿಮಗೆ ಒಗ್ಗಿಲ್ಲ’ ಎನ್ನುತ್ತಾರೆ. ಇಲ್ಲೇ ಹುಟ್ಟಿ ತಲೆ ನರೆತವನಿಗೆ ಒಗ್ಗದ ಹವೆ ಇನ್ನಾರಿಗೆ ಒಗ್ಗೀತು? ಪಂಚೆಯನ್ನು ಮತ್ತೆ ನೆನೆಸಿಟ್ಟಿದ್ದೇನೆ.