ಹಾರ್ಮೋನ್ ಒಂದು ಕಡೆ, ಎಚ್‌ಐವಿ ಮಾತ್ರೆ ಇನ್ನೊಂದು ಕಡೆ

ಹಾರ್ಮೋನೂ ಎಚ್‌ಐವಿ ಮಾತ್ರೆಯೂ ಎರಡೂ ಬೇಕಾದ ಟ್ರಾನ್ಸ್ ಮಹಿಳೆಯರ (ಗಂಡು ಅಂತ ಹುಟ್ಟಿ ಹೆಣ್ಣಾಗಿ ಬದುಕುವವರ) ಮಾತು ಇದು. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 2004ರಿಂದ ಪುಕ್ಕಟೆ. 2017ರಿಂದ ಸಿಡಿ4 (ಸೋಂಕಿನ ಜೊತೆ ಹೋರಾಡುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಮಾತ್ರೆ ಶುರು ಮಾಡುತ್ತಾರೆ. ಈಗ ಹೆಚ್ಚಿನವರಿಗೆ ಕೊಡುವುದು ಡೊಲುಟೆಗ್ರಾವಿರ್ ಇರುವ ಮಾತ್ರೆ, ದಿನಕ್ಕೆ ಒಂದೇ. ತಪ್ಪದೆ ತಗೊಂಡರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಸರ್ಕಾರವನ್ನು ಬೈಯೋಕೆ ನನಗೂ ಇಷ್ಟವೇ, ಆದರೆ ಇದು ಒಳ್ಳೆ ಕೆಲಸ.

ಹೀಗಿದ್ದೂ, ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇ 0.2ರ ಆಸುಪಾಸು ಇದ್ದರೆ, ಕೇಂದ್ರದ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ಸಮೀಕ್ಷೆಗಳ ಪ್ರಕಾರ ಹಿಜ್ರಾ ಮತ್ತು ಟ್ರಾನ್ಸ್ ಮಹಿಳೆಯರಲ್ಲಿ ಶೇ 3ಕ್ಕಿಂತ ಜಾಸ್ತಿ. ಇದನ್ನು ಹೇಳಿದ ಕೂಡಲೇ 'ಅವರು ಮಾತ್ರೆ ಮಧ್ಯದಲ್ಲೇ ಬಿಟ್ಟುಬಿಡ್ತಾರೆ ಬಿಡಿ' ಅನ್ನೋ ಉತ್ತರ ರೆಡಿ ಇರುತ್ತದೆ. ಯಾಕೆ ಬಿಡ್ತಾರೆ ಅಂತ ಕೇಳುವವರು ಕಮ್ಮಿ.

ನನ್ನ ಗೆಳತಿಯೊಬ್ಬಳು ಬಿಟ್ಟಿದ್ದಳು. ಅವಳ ವ್ಯಾನಿಟಿ ಬ್ಯಾಗಿನಲ್ಲಿ ಎರಡು ಥರದ ಮಾತ್ರೆ ಇರುತ್ತಿತ್ತು. ಒಂದು ಎಆರ್‌ಟಿ ಡಬ್ಬಿ, ಲೇಬಲ್ ಕಿತ್ತು ಹಾಕಿದ್ದು. ಇನ್ನೊಂದು ಮೆಡಿಕಲ್ ಶಾಪಿನವನು ಪೇಪರಿನಲ್ಲಿ ಸುತ್ತಿಕೊಟ್ಟ ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್‌ಗಳು. ಹೆಣ್ಣಿನ ಮೈಕಟ್ಟು ಬರಲಿ ಅಂತ ಚೀಟಿಯಿಲ್ಲದೆ, ಯಾರೋ ಹೇಳಿದ ಲೆಕ್ಕದಲ್ಲಿ ನುಂಗುವುದು. 'ಎರಡೂ ಒಟ್ಟಿಗೆ ತಗೊಂಡ್ರೆ ಎದೆ ಬೆಳೆಯಲ್ವಂತೆ ಅಕ್ಕಾ' ಅಂದಳು. ಆಸ್ಪತ್ರೆಯಲ್ಲಿ ಕೇಳಿದ್ದಾಳೆ. 'ಅದನ್ನೆಲ್ಲ ಯಾಕೆ ತಗೋತೀಯ, ಒಂದನ್ನ ಬಿಟ್ಟುಬಿಡು' ಅಂದರಂತೆ ಡಾಕ್ಟರು. ಅವರ ಮಾತು ಕೇಳಿ ಒಂದನ್ನು ಬಿಟ್ಟಳು. ಎಆರ್‌ಟಿ ಬಿಟ್ಟಳು.

ಅವಳ ಭಯ ಸುಮ್ನೆ ಹುಟ್ಟಿದ್ದಲ್ಲ. ಮೊದಲು ಕೊಡುತ್ತಿದ್ದ ಎಫಾವಿರೆಂಜ್ ಅನ್ನೋ ಎಚ್‌ಐವಿ ಔಷಧಿ ಹಾರ್ಮೋನಿನ ಮಟ್ಟವನ್ನು ಇಳಿಸುತ್ತಿತ್ತು. ಆ ಕಾಲದ ಮಾತು ಜಮಾತಿನಲ್ಲಿ, ಅಂದರೆ ಹಿಜ್ರಾಗಳ ಗುಂಪಿನಲ್ಲಿ, ಗುರುವಿನಿಂದ ಚೇಲಾಗೆ ದಾಟಿಕೊಂಡು ಬಂದಿದೆ. ಡೊಲುಟೆಗ್ರಾವಿರ್‌ಗೂ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್‌ಗೂ ಅಂಥ ಜಗಳ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸಿಗೆ ಕುಡಿಯುವ ಔಷಧಿ, ಇವುಗಳ ಜೊತೆ ಮಾತ್ರ ಹೊತ್ತಿನ ಅಂತರ ಬೇಕು. ನಿಜವಾಗಿ ಹೆದರಬೇಕಿರುವುದು ಆ ಪೇಪರ್ ಪೊಟ್ಟಣಕ್ಕೆ. ಗರ್ಭನಿರೋಧಕದಲ್ಲಿರುವ ಈಸ್ಟ್ರೋಜನ್ನನ್ನು ಜಾಸ್ತಿ ನುಂಗಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಇಷ್ಟನ್ನು ಹೇಳೋಕೆ ಐದು ನಿಮಿಷ ಸಾಕಲ್ವಾ?

ನನ್ನ ತಕರಾರು ಇರುವುದೇ ಇಲ್ಲಿ. ಟ್ರಾನ್ಸ್ ಮಹಿಳೆ ಕಣ್ಣಿಗೆ ಬಿದ್ದ ಕೂಡಲೇ ಆಸ್ಪತ್ರೆಗೆ ಎಚ್‌ಐವಿ ನೆನಪಾಗುತ್ತದೆ. ಅವಳು ಬರುವುದು ಬೇರೆಯದಕ್ಕೆ. ಹಾರ್ಮೋನ್ ಬೇಕು, ಆಪರೇಷನ್ ಎಲ್ಲಿ ಸರಿಯಾಗಿ ಮಾಡ್ತಾರೆ ಗೊತ್ತಾಗಬೇಕು, ಹಳೇ ಆಪರೇಷನ್ನಿನಿಂದ ಮೂತ್ರಕ್ಕೆ ತೊಂದರೆ ಆಗಿದ್ದರೆ ಯಾರಾದರೂ ನೋಡಬೇಕು. ಅದು ಯಾವುದಕ್ಕೂ ಕೌಂಟರ್ ಇಲ್ಲ. ಬೆರಳು ಚುಚ್ಚಿ ರಕ್ತ ತೆಗೆಯೋಕೆ ಮಾತ್ರ ಎಲ್ಲರೂ ತಯಾರು.

ಕಾನೂನಿನಲ್ಲಿ ಕೊರತೆ ಇಲ್ಲ. ಟ್ರಾನ್ಸ್ ಜನರ ಹಕ್ಕುಗಳನ್ನು ಒಪ್ಪಿಕೊಂಡ 2014ರ ನಾಲ್ಸಾ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇವರ ಆರೋಗ್ಯದ ಬಗ್ಗೆ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿತ್ತು. 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ರಕ್ಷಣೆ ಕಾಯ್ದೆಯ 15ನೇ ಸೆಕ್ಷನ್, ಎಷ್ಟು ಜನರಿಗೆ ಸೋಂಕಿದೆ ಅಂತ ಲೆಕ್ಕ ಇಡುವ ಪ್ರತ್ಯೇಕ ಎಚ್‌ಐವಿ ಕಣ್ಗಾವಲು ಕೇಂದ್ರವನ್ನೂ ಹೇಳುತ್ತದೆ, ಹಾರ್ಮೋನ್ ಚಿಕಿತ್ಸೆಯನ್ನೂ ಹೇಳುತ್ತದೆ. ಪಟ್ಟಿಯಲ್ಲಿ ಮೊದಲು ಬರೆದಿರುವುದು ಯಾವುದು ಗೊತ್ತಾ? ಕಣ್ಗಾವಲು. ಅಂದರೆ ಮೊದಲು ಎಣಿಸಿಬಿಡೋಣ ಅಂತ.

ಹಾರ್ಮೋನ್, ಎಚ್‌ಐವಿ ಎರಡಕ್ಕೂ ಒಂದೇ ಸೂರಿನಡಿ ಚಿಕಿತ್ಸೆ ಕೊಟ್ಟಿದ್ದು ಹೈದರಾಬಾದಿನ ಮಿತ್ರ್ ಕ್ಲಿನಿಕ್, 2021ರಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಟ್ರಾನ್ಸ್ ಸಮುದಾಯದವರೇ. ಹಾರ್ಮೋನಿಗೆ ಅಂತ ಬಂದವರು ಹಾಗೇ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗಬಹುದಿತ್ತು. ದುಡ್ಡು ಅಮೆರಿಕದ್ದು. 2025ರ ಶುರುವಿನಲ್ಲಿ ಅಲ್ಲಿಯ ಸರ್ಕಾರ ನೆರವು ನಿಲ್ಲಿಸಿತು, ಕ್ಲಿನಿಕ್ ಬಾಗಿಲು ಹಾಕಿತು. ಆಮೇಲೆ ಟಾಟಾ ಟ್ರಸ್ಟ್ಸ್ ನೆರವಿನಿಂದ ಬೇರೆ ಹೆಸರಲ್ಲಿ ತೆರೆಯಿತು ಅನ್ನಿ. ನಮ್ಮದೇ ಜನರ ಆರೋಗ್ಯ ವಾಷಿಂಗ್ಟನ್ನಿನ ಒಂದು ಸಹಿಗೆ ಕಾಯುತ್ತಾ ಕೂರಬೇಕಾ?

ಇನ್ನುಳಿದ ಅಡ್ಡಿಗಳು ನಿಮಗೂ ಗೊತ್ತಿರುವಂಥವೇ. ಹೆಸರು ಬದಲಾಗಿದ್ದರೂ ಜನ ತುಂಬಿದ ಹಾಲ್‌ನಲ್ಲಿ ಆಧಾರ್‌ನ ಹಳೇ ಹೆಸರು ಕೂಗುವುದು. ರಾತ್ರಿ ದುಡಿದವರು ಬೆಳಿಗ್ಗೆ ಒಂಬತ್ತಕ್ಕೆ ಕ್ಯೂನಲ್ಲಿ ನಿಲ್ಲಬೇಕಾಗಿರುವುದು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋದ ಜೋಗಪ್ಪನಿಗೆ, ಪುಣೆಗೆ ಕಲೆಕ್ಷನ್ನಿಗೆ (ಅಂಗಡಿ, ಬೀದಿಗಳಲ್ಲಿ ದುಡ್ಡು ಕೇಳೋಕೆ) ಹೋದವಳಿಗೆ ಮಾತ್ರೆ ಮುಗಿದುಹೋಗುವುದು. ಕೋವಿಡ್ ಬಂದಾಗ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರಲ್ಲ, ಯಾವ ಆಕಾಶವೂ ಬೀಳಲಿಲ್ಲ. ಟ್ರಾನ್ಸ್ ಪುರುಷರ ವಿಷಯ ಇನ್ನೂ ಬೇರೆ. ಎಚ್‌ಐವಿ ಕಾರ್ಯಕ್ರಮದ ಲೆಕ್ಕದಲ್ಲಿ ಅವರಿಗೆ ಜಾಗವೇ ಇಲ್ಲ.

ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಆರ್‌ಟಿ ಸೆಂಟರೂ ಇದೆ, ಹಾರ್ಮೋನ್ ಬರೆದುಕೊಡಬಲ್ಲ ಡಾಕ್ಟರೂ ಇದ್ದಾರೆ. ಇಬ್ಬರ ನಡುವೆ ಇರುವುದು ಒಂದು ಕಾರಿಡಾರ್. ವಾರಕ್ಕೊಂದು ಮಧ್ಯಾಹ್ನ ಇಬ್ಬರೂ ಒಂದೇ ರೂಮಿನಲ್ಲಿ ಕೂರಲಿ, ಹೊರಗೆ ಹೆಸರು ಕೂಗುವ ಬದಲು ಟೋಕನ್ ನಂಬರ್ ಕೂಗಲಿ. ಹೊಸ ಕಟ್ಟಡವೂ ಬೇಡ, ಉದ್ಘಾಟನೆಗೆ ಮಂತ್ರಿಗಳೂ ಬೇಡ. ನಿಮ್ಮ ಜಿಲ್ಲೆಯಲ್ಲಿ ಎಲ್ಲಾದರೂ ಇಂಥದ್ದು ನಡೀತಿದ್ದರೆ ಕಾಮೆಂಟಿನಲ್ಲಿ ಹೇಳಿ. ಕೇಳುವವರು ನನ್ನ ಹತ್ತಿರ ತುಂಬ ಜನ ಇದ್ದಾರೆ, ಕಳಿಸುತ್ತೇನೆ.