ರೇಸಿಂಗ್ ಪ್ಯಾಡ್ ಊರೊಳಗಿನ ಓಡಾಟಕ್ಕೆ ಬೇಡ

ಸ್ಪೋರ್ಟ್ಸ್ ಕಾರಿಗೆ ರೇಸಿಂಗ್ ಬ್ರೇಕ್ ಪ್ಯಾಡೇ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ) ಬೆಸ್ಟ್ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಇದನ್ನು ತಿದ್ದಿ. ನನ್ನ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಕಾರಿಗೆ ಅಂಗಡಿಯವರೊಬ್ಬರ ಮಾತು ಕೇಳಿ ನಾನೂ ಅದನ್ನೇ ಹಾಕಿಸಿದ್ದೆ. ಮರುದಿನ ಬೆಳಗಿನ ಚಳಿಯಲ್ಲಿ, ಮೊದಲ ಸಿಗ್ನಲ್‌ನಲ್ಲಿ ಪೆಡಲ್ ಒತ್ತಿದರೆ ಕಾರು ನಿಲ್ಲಲೇ ಇಲ್ಲ, ಮುಂದಕ್ಕೆ ಹೋಗುತ್ತಲೇ ಇತ್ತು. ಮುಂದಿದ್ದ ಆಟೋಗೆ ಒಂದು ಗೇಣು ಬಾಕಿ. ಎದೆ ಝಲ್ಲೆಂದಿತು. ಆ ಪ್ಯಾಡ್ ಚೆನ್ನಾಗಿ ಕಾದ ಮೇಲೆಯೇ ಕಚ್ಚುವುದು. ಟ್ರ್ಯಾಕ್‌ನಲ್ಲಿ ಸರಿ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅದು ಕಾಯುವುದು ಯಾವಾಗ?

ಕೊಳ್ಳುವ ಮುಂಚೆ ಪ್ಯಾಡಿನ ಅಂಚು ನೋಡಿ. ಎಷ್ಟೋ ಪ್ಯಾಡ್‌ಗಳಲ್ಲಿ ಎಫ್‌ಎಫ್, ಜಿಜಿ ಎಂಬಂಥ ಜೋಡಿ ಅಕ್ಷರ ಇರುತ್ತದೆ. ಮೊದಲನೆಯದು ಕಡಿಮೆ ಬಿಸಿಯಲ್ಲಿನ ಹಿಡಿತ, ಎರಡನೆಯದು ಜಾಸ್ತಿ ಬಿಸಿಯಲ್ಲಿನದು. ಎಫ್ ಅಂದರೆ ಘರ್ಷಣಾಂಕ (ಹಿಡಿತದ ಅಳತೆ, ಹೆಚ್ಚಿದ್ದಷ್ಟೂ ಹಿಡಿತ ಜಾಸ್ತಿ) 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಊರಿನ ಓಡಾಟಕ್ಕೆ ಮೊದಲ ಅಕ್ಷರವೇ ಮುಖ್ಯ.

ಇನ್ನೊಂದು ಮಾತು. ಘಾಟಿ ಇಳಿಯುವಾಗ ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಆಗ ಸುಮ್ನೆ ಪ್ಯಾಡ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕುದಿಯದೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ, ನೀರು ಹೀರಿದ ಮೇಲೆ ಅದು 155ಕ್ಕೂ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು ಅಲ್ವಾ? ನಾನು ಆಮೇಲೆ ಆಯಿಲ್ ಬದಲಿಸಿ, ರಸ್ತೆಗೆಂದೇ ಮಾಡಿದ ಪ್ಯಾಡ್ ಹಾಕಿಸಿದೆ. ಹೋದ ತಿಂಗಳು ಚಾರ್ಮಾಡಿ ಘಾಟಿ ಇಳಿದೆ. ಕೊಟ್ಟಿಗೆಹಾರದಿಂದ ಕೆಳಗಿನವರೆಗೂ ಪೆಡಲ್ ಒಂದೇ ಸಮ ಇತ್ತು.